ಅಣ್ಣನಿಗೆ ಓದಿ ಹೇಳಿದ್ದು

ನಮ್ಮಣ್ಣನ ವಿಷಯ ಬರೆಯುವವರಿಗೆಲ್ಲ ಮೈಲಿಗಲ್ಲು ನೆಡುವ ಚಟ. ಮೊದಲ ಟಾಕಿ ಸಿನಿಮಾ, ಮೊದಲ ನಾಯಕನ ಪಾತ್ರ, ತಂದೆಯ ಪಾತ್ರಕ್ಕೆ ಬಂದ ಚಿನ್ನದ ಪದಕ, ಎಲ್ಲವನ್ನೂ ಸಾಲಾಗಿ ಬರೆದಿರುತ್ತಾರೆ. ಜೊತೆಗೆ ‘ಮೌನದಲ್ಲೇ ಮಾತಾಡುವ ನಟ’ ಅಂತ ಒಂದು ಮಾತು ಇದ್ದೇ ಇರುತ್ತದೆ. ಅದನ್ನು ಓದಿದಾಗೆಲ್ಲ ನನಗೆ ನಗು ತಡೆಯುವುದಿಲ್ಲ. ಆ ಮೌನ ಎಲ್ಲಿಂದ ಬಂತು ಅಂತ ಗೊತ್ತಿದ್ದವರು ಇಬ್ಬರೇ, ಅವನು ಮತ್ತು ನಾನು. ಅವನು ಹೋಗಿ ಬಹಳ ವರ್ಷವಾಯಿತು. ನನಗೂ ವಯಸ್ಸಾಯಿತು, ಇನ್ನು ಮುಚ್ಚಿಟ್ಟು ಏನು ಮಾಡಲಿ.

ನಮ್ಮಣ್ಣನಿಗೆ ಓದಲು ಬರುತ್ತಿರಲಿಲ್ಲ.

ಹಾನಗಲ್ಲಿನಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಮಗನನ್ನು ಶಾಲೆಗೆ ಕಳಿಸಲಿಲ್ಲ ಅಂತ ಅಪ್ಪನನ್ನು ಯಾರೂ ಬಯ್ಯುವಂತಿಲ್ಲ. ಅಣ್ಣ ನಾಲ್ಕು ವರ್ಷ ಶಾಲೆಗೆ ಹೋದ. ಒಮ್ಮೆ ಕೇಳಿದ ಪದ್ಯವನ್ನು ಮಾಸ್ತರಿಗಿಂತ ಚೆನ್ನಾಗಿ ಹೇಳುತ್ತಿದ್ದ. ಅದೇ ಪದ್ಯವಿದ್ದ ಪುಸ್ತಕ ಮುಂದಿಟ್ಟರೆ ಹಣೆ ಬೆವರುತ್ತಿತ್ತು. “ಅಕ್ಷರ ಕುಂತಲ್ಲೆ ಕುಂದ್ರಂಗಿಲ್ಲ” ಅನ್ನುತ್ತಿದ್ದ. ಮಾಸ್ತರು ಸೋಮಾರಿ ಅಂದರು, ಅಪ್ಪ ಕತ್ತೆ ಅಂದ, ಇಬ್ಬರೂ ಸೇರಿ ಬಾರಿಸಿದರು. ಅಂಥ ಕಣ್ಣುಗಳೂ ಇರುತ್ತವೆ, ಅಕ್ಷರ ಅವುಗಳಿಗೆ ಒಗ್ಗುವುದೇ ಇಲ್ಲ ಅಂತ ನನಗೆ ತಿಳಿದದ್ದು ಮುಪ್ಪಿನಲ್ಲಿ. ಆಗ ಅದನ್ನು ಹೇಳುವವರು ಯಾರಿದ್ದರು? ನಾನು ಅವನಿಗಿಂತ ಐದು ವರ್ಷ ಚಿಕ್ಕವಳು. ಅವನಿಗೆ ತಿದ್ದಿಸುವಾಗ ಪಕ್ಕದಲ್ಲಿ ಕೂತು ನಾನೇ ಕಲಿತುಬಿಟ್ಟೆ. ಆ ಕಾರಣಕ್ಕೂ ಅವನಿಗೆ ಇನ್ನೆರಡು ಏಟು ಬಿದ್ದವು.

ಬೇರೆ ಯಾರಾದರೂ ಆಗಿದ್ದರೆ ನನ್ನ ಜುಟ್ಟು ಹಿಡಿದು ಎಳೆಯುತ್ತಿದ್ದರು. ಅಣ್ಣ ಹಾಗೆ ಮಾಡಲಿಲ್ಲ. ಅಂಗಡಿಗೆ ಸಾಮಾನು ಕಟ್ಟಲು ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ತಂದು ನನ್ನ ಮುಂದೆ ಹಾಕಿ “ಓದ” ಅನ್ನುತ್ತಿದ್ದ. ನಾನು ಓದುತ್ತಿದ್ದೆ, ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಹತ್ತಿಯ ಧಾರಣೆಯಿಂದ ಹಿಡಿದು ಕೂದಲೆಣ್ಣೆಯ ಜಾಹೀರಾತಿನವರೆಗೆ ಎಲ್ಲವೂ ಅವನಿಗೆ ಬಾಯಿಪಾಠ.

ಅಣ್ಣನಿಗೆ ಹದಿನೆಂಟಾದಾಗ ನಮ್ಮೂರಿಗೆ ಒಂದು ನಾಟಕ ಕಂಪನಿ ಬಂತು. ಎರಡು ತಿಂಗಳು ಮೊಕ್ಕಾಂ ಹೂಡಿತು, ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಯಿತು. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ನಿಂತು ಬಾಯಿಗೆ ಬಂದಂತೆ ಬೈದ. ಅವ್ವ ಒಳಗೆ ನಿಂತು ಅತ್ತಳು. ನನಗೆ ಮಾತ್ರ ಒಂದೇ ಚಿಂತೆ. ಕಂಪನಿಯಲ್ಲಿ ಪಾರ್ಟು ಕೊಡುವುದು ಕಾಗದದಲ್ಲಿ ಅಂತ ನನಗೆ ಗೊತ್ತಿತ್ತು. ತಾಲೀಮಿನ ಮೊದಲ ದಿನ ಕಂಪನಿಯ ಮಾಸ್ತರು ಇಡೀ ನಾಟಕವನ್ನು ಒಮ್ಮೆ ಎಲ್ಲರಿಗೂ ಓದಿ ಹೇಳುತ್ತಿದ್ದರು. ಆಮೇಲೆ ಅವರವರ ಮಾತುಗಳನ್ನಷ್ಟೇ ನಕಲು ಮಾಡಿ ಅವರವರ ಕೈಗೆ ಕೊಡುತ್ತಿದ್ದರು, ಉಳಿದದ್ದು ಅವರ ಜವಾಬ್ದಾರಿ.

ಅಣ್ಣ ಆ ಒಂದು ಓದಿನಲ್ಲೇ ಮುಕ್ಕಾಲು ಪಾಲು ಹಿಡಿದುಬಿಡುತ್ತಿದ್ದ. ಉಳಿದ ಕಾಲು ಪಾಲಿಗೆ ನಾನು. ಕಂಪನಿ ಮೊದಲೆರಡು ವರ್ಷ ನಮ್ಮ ಸೀಮೆ ಬಿಟ್ಟು ಹೋಗಲಿಲ್ಲ. ಹೊಸ ಪಾರ್ಟು ಸಿಕ್ಕಿತೆಂದರೆ ಅವ್ವನನ್ನು ನೋಡಬೇಕು ಅಂತ ನೆಪ ಹೇಳಿ ಹಾನಗಲ್ಲಿಗೆ ಬರುತ್ತಿದ್ದ. ಅಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿ ಹಿತ್ತಲ ಬಾಗಿಲಿನಿಂದ ನುಸುಳಿ, ನಾನು ಜೋಳ ಹಸನು ಮಾಡುತ್ತಿದ್ದರೆ ಮೊರ ಕಸಿದುಕೊಂಡು ಕೈಗೆ ಕಾಗದ ಕೊಡುತ್ತಿದ್ದ. ಒಂದು ಸಲ ಹಿರೇಕೆರೂರಿನ ಮೊಕ್ಕಾಮಿನಲ್ಲಿ ಬೆಳಿಗ್ಗೆ ಹೊಸ ಪ್ರವೇಶ ಬರೆದುಕೊಟ್ಟು, ಆವತ್ತೇ ಆಡಬೇಕು ಅಂದರಂತೆ. ಜ್ವರಕ್ಕೆ ಔಷಧಿ ತರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿ ಬಂದ. ಆ ಬಸ್ಸು ನಮ್ಮೂರಲ್ಲಿ ಒಂದು ತಾಸು ನಿಂತು ಮರಳುತ್ತಿತ್ತು. ಮನೆಗೆ ಹೇಳಿಕಳಿಸಿ ನನ್ನನ್ನು ಕರೆಸಿದ, ನಾನು ಬಸ್ಸಿನ ನೆರಳಲ್ಲೇ ಕುಕ್ಕರಗಾಲಲ್ಲಿ ಕೂತು ಮೂರು ಸಲ ಓದಿ ಹೇಳಿದೆ. ಅದೇ ಬಸ್ಸಿನಲ್ಲಿ ವಾಪಸು ಹೋದ. ನನ್ನ ಲೆಕ್ಕದಲ್ಲಿ ಅದೊಂದು ದೊಡ್ಡ ಮೈಲಿಗಲ್ಲು, ಪತ್ರಿಕೆಯವರಿಗೆ ಅದು ಎಲ್ಲಿ ಗೊತ್ತಾಗಬೇಕು.

ಇನ್ನು ಆ ಮೌನದ ವಿಷಯ.

ಶಿಗ್ಗಾಂವಿಯಲ್ಲಿ ಕಂಪನಿ ಇದ್ದಾಗ ಒಂದು ಭಾನುವಾರ ಮಧ್ಯಾಹ್ನ ಹೆಣ್ಣುಮಕ್ಕಳಿಗಷ್ಟೇ ಆಟ ಇಟ್ಟಿದ್ದರು. ಶಿಗ್ಗಾಂವಿಯಲ್ಲಿದ್ದ ಸೋದರತ್ತೆಯ ಮನೆಗೆ ಹೋಗುವ ನೆಪ ಮಾಡಿ ಅವ್ವ ನನ್ನನ್ನು ಕರೆದುಕೊಂಡು ಹೋದಳು. ಅಣ್ಣ ಬಣ್ಣ ಹಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ರಾಜ, ತಪ್ಪು ಮಾಡಿದ ಮಗನನ್ನು ರಾಜ್ಯದಿಂದ ಹೊರಗೆ ಹಾಕಬೇಕು. “ಈ ಕೈಯಿಂದ ನಿನ್ನನ್ನು ಎತ್ತಿ ಆಡಿಸಿದ್ದೆ. ಈ ಕೈಯಿಂದಲೇ...” ಅಂದು ನಿಂತುಬಿಟ್ಟ. ನನಗೆ ಜೀವ ಬಾಯಿಗೆ ಬಂತು, ಮಾತು ಮರೆತನೋ ಏನೋ ಅಂತ. ಇಡೀ ಥೇಟರು ಉಸಿರು ಬಿಗಿ ಹಿಡಿದಿತ್ತು. ಆಮೇಲೆ ಮೆಲ್ಲಗೆ “ನಿನ್ನನ್ನು ಹೊರಗೆ ದಬ್ಬುತ್ತಿದ್ದೇನೆ” ಅಂದ. ನನ್ನ ಪಕ್ಕದಲ್ಲಿದ್ದ ಮುದುಕಿ ಗಳಗಳ ಅತ್ತಳು. ಹಿಂದಿನಿಂದ ‘ವನ್ಸ್ ಮೋರ್’ ಅಂತ ಕೂಗು ಎದ್ದಿತು.

ಎಲ್ಲರೂ ಅಳುತ್ತಿರುವಾಗ ನನಗೆ ಥಟ್ಟನೆ ಹೊಳೆಯಿತು. ‘ಈ ಕೈಯಿಂದಲೇ’ ಅನ್ನುವಲ್ಲಿಗೆ ಆ ನಕಲಿನ ಹಾಳೆ ಮುಗಿಯುತ್ತಿತ್ತು. ನಾನು ಬೆರಳಿಗೆ ಉಗುಳು ಹಚ್ಚಿ, ಅಂಟಿಕೊಂಡ ಹಾಳೆ ಬಿಡಿಸಿ, ಮಗ್ಗಲು ಬದಲಿಸಿ ಮುಂದಿನದು ಓದಿದ್ದೆ. ಪುಣ್ಯಾತ್ಮ ಅದನ್ನೂ ಕಲಿತಿದ್ದ! ನಾನು ಎಲ್ಲೆಲ್ಲಿ ಹಾಳೆ ತಿರುವಿದ್ದೆನೋ ಅಲ್ಲೆಲ್ಲ ರಾಜ ಸುಮ್ಮನೆ ನಿಲ್ಲುತ್ತಿದ್ದ. ಒಂದು ಕಡೆ ನನಗೆ ಕೆಮ್ಮು ಬಂದಿತ್ತು, ಅಲ್ಲಿ ರಾಜನೂ ಎದೆ ಹಿಡಿದುಕೊಂಡು ಕೆಮ್ಮಿದ.

ಆಟ ಮುಗಿದ ಮೇಲೆ ಹಿಂದಿನ ಬಾಗಿಲ ಹತ್ತಿರ ಅವನಿಗೆ ವಿಷಯ ಹೇಳಿದೆ. ತಪ್ಪು ನನ್ನದು ಅಂತ ನನಗೆ ಅಳು ಬಂದಿತ್ತು. ಅವನು ಮುಖದ ಬಣ್ಣವೆಲ್ಲ ಕಲಸಿಹೋಗುವಷ್ಟು ನಕ್ಕ.

“ಹಂಗಾರ ಮುಂದಿನ ಸಲ ಇನ್ನೂ ಒಂದ ನಾಕ ಹಾಳಿ ಜಾಸ್ತಿ ತಿರುವವ್ವಾ” ಅಂದ.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ಸವಣೂರಿನ ಮನೆತನ, ವೀಳ್ಯದೆಲೆಯ ವ್ಯಾಪಾರ, ಮನೆಯಲ್ಲಿ ಅತ್ತೆಯದೇ ಕಾರುಬಾರು. ನಾಟಕದವನ ತಂಗಿ ಅಂದರೆ ಸಂಬಂಧ ಮುರಿದುಬೀಳುತ್ತದೆ ಅಂತ ಹೆದರಿ ಅಪ್ಪ ಒಂದು ಸುಳ್ಳು ಹೇಳಿದ. ಮಗ ಮದ್ರಾಸಿನಲ್ಲಿ ಅರಿವೆ ವ್ಯಾಪಾರ ಮಾಡುತ್ತಾನೆ ಅಂದ. ಅಣ್ಣನಿಗೆ ಮದುವೆಗೆ ಬರಬೇಡ ಅಂತ ಹೇಳಿಕಳಿಸಿದ. ಅಣ್ಣ ಬರಲಿಲ್ಲ. ಹಸಿರು ಇಳಕಲ್ ಸೀರೆ ಒಂದನ್ನು ಕಳಿಸಿದ. ‘ಅರಿವೆ ವ್ಯಾಪಾರಿ’ ಕಳಿಸಿದ ಸೀರೆ ಅಂತ ಬೀಗರೆಲ್ಲ ಅದರ ಸೆರಗು ಮುಟ್ಟಿ ಮುಟ್ಟಿ ನೋಡಿದರು. ನನಗೆ ಆ ಸೀರೆ ಉಟ್ಟಾಗೆಲ್ಲ ಮೈ ಉರಿಯುತ್ತಿತ್ತು. ಮದುವೆಯಾಗಿ ಕೆಲವು ತಿಂಗಳಿಗೆ ನನ್ನ ಯಜಮಾನರಿಗೆ ನಿಜ ಹೇಳಿಬಿಟ್ಟೆ. ಅವರು ಒಳ್ಳೆಯವರು. “ಇರ್ಲಿ ಬಿಡ, ಅವ್ವಗ ಮಾತ್ರ ಹೇಳಬ್ಯಾಡ” ಅಂದರು.

ಸುಳ್ಳು ಅರ್ಧ ನಿಜವಾದದ್ದು ಆಮೇಲೆ. ಅಣ್ಣನ ಮೌನದ ಸುದ್ದಿ ಎಲ್ಲೆಲ್ಲಿಗೋ ಹೋಗಿ, ಟಾಕಿಯವರು ಅವನನ್ನು ಮದ್ರಾಸಿಗೇ ಕರೆಸಿಕೊಂಡರು. ಅಲ್ಲಿಂದ ಯಾರದೋ ಕೈಯಲ್ಲಿ ಬರೆಸಿದ ಒಂದು ಕಾಗದ ನನ್ನ ಯಜಮಾನರ ಅಂಗಡಿಗೆ ಬಂತು. ‘ತಂಗಿಗೆ ಹದಿನೈದು ದಿನ ಬಂದು ಹೋಗಲು ಅನುಕೂಲವಾದೀತೇ, ಇಲ್ಲಿ ಊಟದ ವ್ಯವಸ್ಥೆ ಸರಿಯಿಲ್ಲ’ ಅಂತ ಬರೆಸಿದ್ದ. ಊಟದ ವ್ಯವಸ್ಥೆ ಅಂದರೆ ಏನು ಅಂತ ನನಗೊಬ್ಬಳಿಗೇ ಗೊತ್ತು. ಯಜಮಾನರು ಕಳಿಸಲು ತಯಾರಿದ್ದರು. ಅತ್ತೆಗೆ ಏನು ಹೇಳಬೇಕು ಅಂತ ಹೆದರಿ ನಾನೇ ಆಗುವುದಿಲ್ಲ ಅಂದೆ. ಆ ಹದಿನೈದು ದಿನ ರೊಟ್ಟಿ ಬಡಿಯುತ್ತ ಕೂತರೂ ಅದೇ ಯೋಚನೆ. ಅವನನ್ನು ಅಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಕಾಗದ ಕೊಟ್ಟಿರುತ್ತಾರೆ, ಅವನ ಹಣೆ ಬೆವರುತ್ತಿರುತ್ತದೆ ಅಂತ ಕಣ್ಣ ಮುಂದೆ ಬರುತ್ತಿತ್ತು.

ಅವನು ಒಂದು ಉಪಾಯ ಮಾಡಿದ್ದ, ಅದನ್ನು ನನಗೆ ಆಮೇಲೆ ಹೇಳಿದ. ಬಂಗಾರದ ಬಣ್ಣದ ಕಡ್ಡಿಯ ಒಂದು ಚಸ್ಮಾ ಕೊಂಡುಕೊಂಡನಂತೆ, ಬರೀ ಗಾಜಿನದು. ಅದನ್ನು ಹಾಕಿಕೊಳ್ಳುವುದಕ್ಕಲ್ಲ, ಎಲ್ಲಿಯಾದರೂ ಮರೆತು ಬರುವುದಕ್ಕೆ. ಯಾರಾದರೂ ಕಾಗದ ಕೊಟ್ಟರೆ ಕಿಸೆ ತಡಕಾಡಿ “ಅಯ್ಯ, ಚಸ್ಮಾ ಮರತ ಬಂದೇನ್ರಿ, ಸ್ವಲ್ಪ ಓದಿ ಹೇಳ್ತೀರೇನು” ಅನ್ನುತ್ತಿದ್ದ. ಒಂದೇ ಸಲ ಕೇಳಿ ಕಲಿಯುವವನನ್ನು ಯಾರು ಅನುಮಾನಿಸುತ್ತಾರೆ? ಹೀಗೆ ಮೂರು ಟಾಕಿ ಮುಗಿಸಿದ.

ಆ ಟಾಕಿಗಳು ಸವಣೂರಿನ ಸಿನಿಮಾ ಡೇರೆಗೂ ಬಂದವು. ಓಣಿಯ ಹೆಂಗಸರೆಲ್ಲ ಮಧ್ಯಾಹ್ನದ ಆಟಕ್ಕೆ ಹೋಗಿ ಬಂದು, ಅವನು ಅದೆಷ್ಟು ಹೊತ್ತು ಸುಮ್ಮನೆ ನಿಂತ, ಕಣ್ಣು ಹೇಗೆ ತುಂಬಿದವು ಅಂತ ನನಗೇ ಬಂದು ಹೇಳುತ್ತಿದ್ದರು. ನಾನು “ಹೌದೇನ್ರೀ, ಹೌದೇನ್ರೀ” ಅನ್ನುತ್ತಿದ್ದೆ. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಅವಳು ಹಾಗೆ ಸುಮ್ಮನಿರುವುದನ್ನು ನೋಡಿ ನನ್ನ ಹೆದರಿಕೆ ಇನ್ನೂ ಜಾಸ್ತಿಯಾಗುತ್ತಿತ್ತು.

ಚಿನ್ನದ ಪದಕ ಬಂದ ವರ್ಷ ಸವಣೂರಿನ ಹಿರಿಯರು ಸೇರಿ ಅಣ್ಣನಿಗೆ ಸತ್ಕಾರ ಮಾಡಬೇಕು ಅಂತ ಕರೆಸಿದರು. ನಮ್ಮ ಸೀಮೆಯ ಹುಡುಗ ಅನ್ನುವ ಅಭಿಮಾನ ಅವರದು. ಅಣ್ಣ ನನ್ನ ಯಜಮಾನರಿಗೆ ಮೊದಲೇ ಹೇಳಿಕಳಿಸಿದ್ದ: ‘ನಾನು ಮನೆಗೆ ಬರುವುದಿಲ್ಲ, ತಂಗಿಗೆ ತೊಂದರೆ ಆಗಬಾರದು. ದೂರದಿಂದ ನೋಡಿದರೆ ಸಾಕು.’ ನಾನು ಹೋಗುವುದೇ ಬೇಡ ಅಂದುಕೊಂಡಿದ್ದೆ. ಆದರೆ ಅವತ್ತು ಬೆಳಿಗ್ಗೆ ಅತ್ತೆಯೇ ಹೊಸ ಸೀರೆ ಉಟ್ಟು ನಿಂತಳು.

“ಸಿನಿಮಾದಾಂವ ಬಂದಾನಂತ. ನಡಿ, ನೋಡಿ ಬರೂಣು.”

ಬಯಲಿನಲ್ಲಿ ಚಪ್ಪರ ಹಾಕಿದ್ದರು. ಹೆಂಗಸರಿಗೆ ಒಂದು ಬದಿಗೆ ಚಾಪೆ ಹಾಸಿ ಹಗ್ಗ ಕಟ್ಟಿದ್ದರು. ಅತ್ತೆ ಜನರನ್ನು ಸರಿಸಿಕೊಂಡು ನನ್ನನ್ನು ಎಲ್ಲರಿಗಿಂತ ಮುಂದೆ ಕೂರಿಸಿದಳು. ಅಣ್ಣ ವೇದಿಕೆ ಹತ್ತಿದ. ಮೈ ತುಂಬಿಕೊಂಡಿದ್ದ, ಕೋಟು ಹಾಕಿದ್ದ. ಎಂಟು ವರ್ಷಗಳಾಗಿದ್ದವು ನಾನು ಅವನನ್ನು ನೋಡಿ. ಕುರ್ಚಿಯಲ್ಲಿ ಕೂತವನು ಹೆಂಗಸರ ಕಡೆ ಒಮ್ಮೆ ಕಣ್ಣಾಡಿಸಿದ. ನನ್ನ ಮೇಲೆ ಬಂದ ಕಣ್ಣು ಅಲ್ಲೇ ನಿಂತಿತು. ಆಮೇಲೆ ಸರಿಸಿಕೊಂಡ.

ಹಾರ ಹಾಕಿದರು, ಶಾಲು ಹೊದಿಸಿದರು. ಮಾನಪತ್ರ ಬರೆದವರು ಶಾಲೆಯ ಹೆಡ್ ಮಾಸ್ತರು. ಅವರೇ ಓದಬೇಕಾಗಿತ್ತು, ಆದರೆ ಮೂರು ದಿನ ಚಪ್ಪರದವರ ಮೇಲೆ ಕೂಗಾಡಿ ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಅವರು ಪಿಸುದನಿಯಲ್ಲಿ ಅಣ್ಣನಿಗೆ ಏನೋ ಹೇಳಿ ಆ ಮೂರು ಹಾಳೆಗಳನ್ನು ಅವನ ಕೈಗೇ ಕೊಟ್ಟುಬಿಟ್ಟರು. ಪಕ್ಕದಲ್ಲಿದ್ದ ಹಿರಿಯರು ಎದ್ದು ಸಾರಿದರು.

“ಮಾಸ್ತರ ಗಂಟಲಾ ಬಿದ್ದೈತಿ. ಸಾಹೇಬ್ರು ತಮ್ಮ ಬಾಯಿಂದನ ಓದ್ತಾರ. ಅವರ ದನಿ ಕೇಳಾಕನ ಅಲ್ಲೇನು ನಾವೆಲ್ಲಾ ಬಂದದ್ದು!”

ಮಂದಿ ಚಪ್ಪಾಳೆ ತಟ್ಟಿದರು. ಅಣ್ಣ ಕಿಸೆ ತಡಕಾಡಿದ. “ಚಸ್ಮಾ ಮರತ ಬಂದೇನ್ರಿ” ಅಂದ. ಅದು ಮದ್ರಾಸಿನಲ್ಲಿ ನಡೆಯುವ ಆಟ, ನಮ್ಮೂರಲ್ಲಿ ಅಲ್ಲ. ಅವನ ಮಾತು ಮುಗಿಯುವುದರೊಳಗೆ ಮುಂದೆ ಕೂತಿದ್ದ ಹಿರಿಯರೆಲ್ಲ ತಮ್ಮ ತಮ್ಮ ಚಸ್ಮಾ ತೆಗೆದು ಮೇಲೆ ಎತ್ತಿದರು. “ನಂದ ತಗೋರಿ”, “ನಂದ ನಡೀತೈತೇನು ನೋಡ್ರಿ.” ಒಬ್ಬ ಅಜ್ಜ ವೇದಿಕೆ ಹತ್ತಿಯೇ ಬಂದು ತನ್ನ ದಪ್ಪ ಗಾಜಿನ ಚಸ್ಮಾವನ್ನು ಅಣ್ಣನ ಮೂಗಿನ ಮೇಲೆ ಏರಿಸಿದ. ಮಂದಿ ನಕ್ಕರು. ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡೆ.

ಅಣ್ಣ ಆ ಚಸ್ಮಾ ತೆಗೆದು, ಅಜ್ಜನ ಕೈಯಲ್ಲಿಟ್ಟು, ನಮಸ್ಕಾರ ಮಾಡಿದ.

“ಚಸ್ಮಾದ ತಪ್ಪಲ್ರೀ. ನನಗ ಓದಾಕ ಬರಂಗಿಲ್ಲ.”

ಮಂದಿ ಇನ್ನೂ ಜೋರಾಗಿ ನಕ್ಕರು. ಅವರಿಗೆ ಅದೂ ನಾಟಕ.

“ಖರೇನ ಹೇಳಾಕತ್ತೇನಿ. ಒಂದ ಅಕ್ಷರಾನೂ ಬರಂಗಿಲ್ಲ. ನನ್ನ ತಂಗಿ ಓದಿ ಹೇಳ್ಯಾಳ, ನಾ ಮಾತಾಡೇನಿ. ನೀವು ಇಷ್ಟ ದಿನಾ ಚಪ್ಪಾಳಿ ಹೊಡದದ್ದು ಅರ್ಧ ಆಕಿಗೆ. ಆಕಿನೂ ಇದ ಸೀಮಿಯಾಕಿ. ಇಲ್ಲೆ ಎಲ್ಲಾರ ಇದ್ರ, ಬಂದು ಇದನ್ನ ಓದಲಿ.”

ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ತಲೆ ತಗ್ಗಿಸಿ ಹಾಳೆ ಹಿಡಿದು ನಿಂತ. ಏಳುವುದು ಬಿಡುವುದು ನನಗೇ ಬಿಟ್ಟಿದ್ದ. ನಾನು ಎದ್ದು ಹತ್ತು ಹೆಜ್ಜೆ ನಡೆದಿದ್ದರೆ ಸಾಕಾಗಿತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದಳು, ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಎಂಟು ವರ್ಷ ಆ ಮನೆಯಲ್ಲಿ ಉಂಡ ಅನ್ನವೆಲ್ಲ ಒಂದು ಸುಳ್ಳಿನ ಮೇಲೆ ಉಂಡದ್ದು. ನಾನು ಸೆರಗು ಮುಂದೆಳೆದುಕೊಂಡು ಚಾಪೆಯ ಅಂಚು ನೋಡುತ್ತ ಕೂತೆ.

ಎಷ್ಟು ಹೊತ್ತು ಕಾದನೋ. ಅಂಥ ಮೌನವನ್ನು ನಾನು ಅವನಿಗೆ ಯಾವತ್ತೂ ಕಲಿಸಿರಲಿಲ್ಲ.

“ಬಂದಿಲ್ಲ ಅನಸ್ತೈತಿ. ಹೆಣ್ಮಕ್ಕಳಿಗೆ ಮನ್ಯಾಗ ಕೆಲಸ ಇರತಾವು” ಅಂದು ಹಾಳೆಗಳನ್ನು ಮಡಚಿ ಕೋಟಿನ ಒಳಗಿಟ್ಟುಕೊಂಡ. ಆಮೇಲೆ ನಾಟಕದ ನಾಲ್ಕು ಮಾತು ಆಡಿ ತೋರಿಸಿದ, ಮಂದಿ ಖುಷಿಪಟ್ಟರು. ಅವನು ಎಷ್ಟು ವಿನಯವಂತ, ತನಗೆ ಅಕ್ಷರವೇ ಬರುವುದಿಲ್ಲ ಅಂತ ತಮಾಷೆ ಮಾಡಿದ ಅಂತ ಮಾತಾಡಿಕೊಳ್ಳುತ್ತ ಎದ್ದು ಹೋದರು.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಮುಂದೆ, ನಾನು ಹಿಂದೆ. ಅವಳು ಬಾಗಿಲ ಮುಂದೆ ನಿಂತು ತಿರುಗಿದಳು.

“ಯಾಕ ಏಳಲಿಲ್ಲ?”

ನಾನು ಸೆರಗು ಸರಿಮಾಡಿಕೊಂಡೆ.

“ನಾ ಏನ್ ನಿನ್ನ ಸೆರಗ ಹಿಡದ ಕುಂತಿದ್ನೇನ? ಮೊದಲನೇ ಸಿನಿಮಾದ ಚಿತ್ರಾ ಗ್ವಾಡಿಗೆ ಹಚ್ಚಿದ ದಿನಾನ ನನಗ ಗೊತ್ತಾತು. ನಿನ್ನ ಮೂಗ ಇಷ್ಟ ದೊಡ್ಡದ ಬರದ ಹಚ್ಚಿದ್ರ ನನಗ ಕಾಣಂಗಿಲ್ಲೇನು? ಇವತ್ತ ಹೇಳ್ತಾಳ, ನಾಳೆ ಹೇಳ್ತಾಳ ಅಂತ ಕಾದ್ನಿ. ಮುಂದ ಕುಂದ್ರಿಸಿದ್ದು ಯಾಕ ಅಂತ ತಿಳದಿ? ಒಡಹುಟ್ಟಿದಾಂವ ಅಷ್ಟ ಮಂದ್ಯಾಗ ಕೈ ಚಾಚಿದ್ರ ಕಲ್ಲಿನಂಗ ಕುಂತಿ.”

ನಾನು ಹೊಸ್ತಿಲ ಮೇಲೇ ಕೂತು ಅಳತೊಡಗಿದೆ. ಯಾರೂ ಹಾಕದ ಬೇಲಿಯೊಳಗೆ ಎಂಟು ವರ್ಷ ಕೂತಿದ್ದೆ. ಮದ್ರಾಸಿಗೆ ಹೋಗಬಹುದಿತ್ತು, ಡೇರೆಗೆ ಹೋಗಬಹುದಿತ್ತು, ಅವತ್ತು ಏಳಬಹುದಿತ್ತು. ಅವಳು ಬೈದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು. ಅತ್ತೆ ನನ್ನನ್ನು ಎಬ್ಬಿಸಿ, “ಅಳೂದು ಸಾಕು. ನಿಮ್ಮಣ್ಣನ ಗಾಡಿ ಯಾವಾಗ ಐತಿ ಕೇಳ ನಿನ್ನ ಗಂಡಗ” ಅಂದಳು.

ಮರುದಿನ ಬೆಳಿಗ್ಗೆ ಚಕ್ಕಡಿ ಕಟ್ಟಿಸಿಕೊಂಡು ಯಲವಿಗಿ ಸ್ಟೇಷನ್ನಿಗೆ ಹೋದೆವು, ಯಜಮಾನರು, ಅತ್ತೆ ಮತ್ತು ನಾನು. ಅಣ್ಣ ಬೇವಿನ ಗಿಡದ ಕೆಳಗೆ ಪೆಟ್ಟಿಗೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದ, ಅತ್ತೆಯನ್ನು ನೋಡಿ ಗಾಬರಿಯಾದ. ಅತ್ತೆ ಅವನ ಕೈಗೆ ಬುತ್ತಿಗಂಟು ಕೊಟ್ಟಳು.

“ಅರಿವಿ ವ್ಯಾಪಾರ ಹೆಂಗ ನಡದೈತ್ರೆಪಾ?” ಅಂದಳು.

ಅಣ್ಣ ನಾಚಿಕೊಂಡು ನಕ್ಕ. ನಾನು ಅವನ ಹತ್ತಿರ ಹೋಗಿ “ನಿನ್ನೆ ನಾ ಏಳಲಿಲ್ಲ, ತಪ್ಪಾತಣ್ಣಾ” ಅಂದೆ.

“ಛಲೋನ ಆತ ಬಿಡ. ನೀ ಎದ್ದು ಬಂದಿದ್ರ ನಾ ಅಲ್ಲೆ ಅತ್ತಬಿಡ್ತಿದ್ನಿ. ಅದನ್ನೂ ಪಾರ್ಟ ಅಂತಿದ್ರ ಮಂದಿ.”

ನಾನು ಕೈ ಚಾಚಿದೆ. ಅವನಿಗೆ ತಿಳಿಯಿತು. ಕೋಟಿನೊಳಗಿಂದ ಆ ಮೂರು ಹಾಳೆ ತೆಗೆದುಕೊಟ್ಟು ಪೆಟ್ಟಿಗೆಯ ಮೇಲೆ ಕೂತ, ಕಣ್ಣು ಮುಚ್ಚಿಕೊಂಡ.

“ಜೋರಾಗಿ ಓದ, ನನಗೂ ಕೇಳಬೇಕು” ಅಂದಳು ಅತ್ತೆ.

ಎದ್ದು ನಿಂತು ಓದಿದೆ. ಗಂಡಸರ ಮುಂದೆ ದನಿ ಎತ್ತಿದ್ದು ನನ್ನ ಜೀವಮಾನದಲ್ಲೇ ಮೊದಲು. ಹಮಾಲರು, ಹತ್ತಿಯ ಅಂಡಿಗೆ ಮೂಟೆಯ ಮೇಲೆ ಕೂತಿದ್ದ ಇಬ್ಬರು ರೈತರು, ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು, ಹತ್ತು ಮಂದಿ ಇದ್ದಾರು, ಸುತ್ತ ಬಂದು ನಿಂತರು. ಹೆಡ್ ಮಾಸ್ತರು ಹೊಗಳುವುದರಲ್ಲಿ ಜಿಪುಣರಲ್ಲ. ತಮ್ಮ ಊರುಗಳ ಹೆಸರು ಬಂದಾಗ ರೈತರು ತಲೆ ಆಡಿಸಿದರು. ಅಣ್ಣನ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

ಎರಡು ಹಾಳೆ ಮುಗಿಯುವುದರಲ್ಲಿ ಗಾಡಿ ಬಂತು. ಅದು ಅಲ್ಲಿ ನಿಲ್ಲುವುದು ಬೀಡಿ ಹಚ್ಚುವಷ್ಟು ಹೊತ್ತು. ಅಣ್ಣ ಹತ್ತಿ ಬಾಗಿಲಲ್ಲಿ ನಿಂತ. ನಾನು ಓದುವುದು ನಿಲ್ಲಿಸಲಿಲ್ಲ, ಗಾಡಿ ಹೊರಟ ಮೇಲೂ ಅದರ ಜೊತೆ ನಡೆಯುತ್ತ ಓದಿದೆ. ಇಂಜಿನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ ನಿಂತೆ. ಅಣ್ಣ ಬಾಗಿಲ ಹಿಡಿ ಬಿಟ್ಟು ಎರಡೂ ಕೈ ಜೋಡಿಸಿದ, ಬಿದ್ದಾನು ಅಂತ ನನಗೆ ಭಯವಾಯಿತು.

ಮೂರನೆಯ ಹಾಳೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಊರೆಲ್ಲ ಸೇರಿದ್ದಾಗ ಕರೆದರೆ ಏಳಲಿಲ್ಲ, ಹಮಾಲರೂ ಸೇರಿ ಹತ್ತು ಮಂದಿಯ ಮುಂದೆ ಎದ್ದು ಓದಿದೆ. ಅವನಿಗೆ ಅಷ್ಟು ಸಾಕಾಯಿತು. ನನಗೆ ಇವತ್ತಿಗೂ ಸಾಕಾಗಿಲ್ಲ.